ಯೋನಪ್ಪನ ಬೆನ್ನು

ಮಕ್ಕಳೇ, ಒಂದು ಕೆರೆ ಇತ್ತು. ಅದರ ದಡದಲ್ಲಿ ಒಂದು ಸಣ್ಣ ಚರ್ಚು. ಬೆಳಗಿನ ಹೊತ್ತು ಮಂಜು ಇಳಿದರೆ ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಮೀನಿಗೂ ತಿಳಿಯುತ್ತಿರಲಿಲ್ಲ. ತಾವರೆ ಎಲೆಗಳು ಗಾಳಿಯಲ್ಲೇ ತೇಲುತ್ತಿವೆಯೋ ಏನೋ ಅನ್ನಿಸುತ್ತಿತ್ತು. ಆ ಮಂಜಿನೊಳಗಿಂದ ಚರ್ಚಿನ ಹಾಡು ಬರುತ್ತಿತ್ತು. ಹಾಡುವವರು ಕಾಣುತ್ತಿರಲಿಲ್ಲ, ಹಾಡು ಮಾತ್ರ ನೀರಿನ ಮೇಲೆ ಮೆಲ್ಲಗೆ ನಡೆದು ಬರುತ್ತಿತ್ತು. ಅದನ್ನು ಕೇಳಿ ಕೇಳಿ ಕೆರೆಯ ಜೀವಿಗಳೂ ಯೇಸುಸ್ವಾಮಿಯನ್ನು ನಂಬಿದ್ದವು.

ಆ ಕೆರೆಯಲ್ಲಿ ಯೋನಪ್ಪ ಎಂಬ ಗುಳುಮುಳುಕ ಹಕ್ಕಿ ಇದ್ದ. ಗುಳುಮುಳುಕ ಗೊತ್ತಲ್ಲ? ಬಾತುಕೋಳಿಗಿಂತ ತುಂಬಾ ಚಿಕ್ಕದು, ಬಾಲವನ್ನು ಎಲ್ಲೋ ಮರೆತು ಬಂದಂತಿರುವ ಹಕ್ಕಿ. ಇಲ್ಲೇ ಇತ್ತಲ್ಲ ಅನ್ನುವಷ್ಟರಲ್ಲಿ ಗುಳುಂ ಎಂದು ಮುಳುಗಿ ಇನ್ನೆಲ್ಲೋ ಏಳುತ್ತದೆ. ಯೋನಪ್ಪನ ಹೆಂಡತಿ ಸಲೋಮಿ. ಅವರಿಗೆ ಮೂರು ಮರಿಗಳು, ಎಲ್ಲರಿಗಿಂತ ಚಿಕ್ಕವಳು ತಬಿತಾ. ಅವರ ಗೂಡು ನೀರಿನ ಮೇಲೇ ತೇಲುತ್ತಿತ್ತು. ಒಂದು ಉದ್ದನೆಯ ಬಳ್ಳಿ ಅದನ್ನು ಜೊಂಡಿನ ಬುಡಕ್ಕೆ ಹಿಡಿದು ನಿಲ್ಲಿಸಿತ್ತು.

ಯೋನಪ್ಪ ಒಳ್ಳೆಯವನು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಿಮಗೆ ಅವನ ಮೇಲೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಮಕ್ಕಳು ದೇವರ ಮಕ್ಕಳಾಗಿ ಬೆಳೆಯಬೇಕೆಂಬುದೇ ಅವನ ದೊಡ್ಡ ಆಸೆ. ಆದರೆ ಹೆದರಿಸದೆ ಭಕ್ತಿ ಬರುವುದಿಲ್ಲ ಎಂದು ಅವನು ನಂಬಿಕೊಂಡಿದ್ದ.

ದಿನಾ ಸಂಜೆ ಗೂಡಿನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು.

"ನೀರು ಕೊಟ್ಟ ಸ್ವಾಮಿ, ನೀರಿನ ಮೇಲೆ ನಮ್ಮನ್ನು ತೇಲಿಸುವ ಸ್ವಾಮಿ, ನಿನಗೆ ಸ್ತೋತ್ರ," ಎಂದು ಯೋನಪ್ಪ ಹೇಳಿಕೊಡುವನು. ದೊಡ್ಡ ಮರಿಗಳೆರಡೂ ಹಾಗೇ ಹೇಳುವವು. ತಬಿತಾಳ ಕಣ್ಣು ಮಾತ್ರ ಜೊಂಡಿನ ತುದಿಯಲ್ಲಿ ಕುಳಿತ ಏರೋಪ್ಲೇನ್ ಚಿಟ್ಟೆಯ ಮೇಲೆ ಹೋಗುವುದು.

ತಲೆಯ ಮೇಲೆ ಟಕ್ಕನೆ ಒಂದು ಕುಕ್ಕು ಬೀಳುವುದು.

"ಪ್ರಾರ್ಥನೇಲಿ ಆ ಕಡೆ ಈ ಕಡೆ ನೋಡ್ತೀಯಾ? ದೇವರು ಎಲ್ಲಾ ನೋಡ್ತಿದ್ದಾನೆ, ತಿಳ್ಕೋ."

"ರೀ, ಮೈತುಂಬ ಗರಿ ಕೂಡ ಬಂದಿಲ್ಲ ಅದಕ್ಕೆ. ಕುಕ್ಕಬೇಡಿ," ಎಂದಳು ಸಲೋಮಿ ಒಂದು ಸಂಜೆ.

"ನಾನು ಪೆಟ್ಟು ತಿಂದೇ ಪ್ರಾರ್ಥನೆ ಕಲಿತವನು. ನನಗೇನಾಗಿದೆ ಈಗ?"

ಏನಾಗಿದೆ ಎಂದು ಹೇಳಿದರೆ ಜಗಳವಾಗುತ್ತದೆಂದು ಸಲೋಮಿ ಸುಮ್ಮನಾದಳು.

ತಬಿತಾಗೆ ಪ್ರಾರ್ಥನೆ ಬಾಯಿಪಾಠ ಬಂತು. ಜೊತೆಗೆ ಇನ್ನೆರಡು ವಿಷಯಗಳನ್ನೂ ಅವಳು ಕಲಿತಳು, ಯಾರೂ ಕಲಿಸದೆ. ಮೋಡಗಳ ಮೇಲೆ ಒಂದು ದೊಡ್ಡ ಹಕ್ಕಿ ಕೂತಿದೆ, ಅದರ ಕೊಕ್ಕು ಅಪ್ಪನ ಕೊಕ್ಕಿಗಿಂತ ಉದ್ದ, ಅದರ ಹೆಸರು ದೇವರು ಎಂಬುದು ಒಂದು. ಅಪ್ಪನ ದನಿ ಏರಿದ ಕೂಡಲೇ ಮುಳುಗಬೇಕು ಎಂಬುದು ಇನ್ನೊಂದು. ಗಿಡುಗ ಬಂದಾಗ ಹಿರಿಯರು ಹಾಕುವ ಕೂಗಿಗೆ ಗುಳುಮುಳುಕದ ಮರಿಗಳು ಹಾಗೇ ಮುಳುಗುತ್ತವೆ. ಅಪ್ಪನ ಸಿಟ್ಟಿನ ಕೂಗೂ ಅವಳಿಗೆ ಅಂಥದ್ದೇ ಆಗಿತ್ತು.

ಒಮ್ಮೆ ಮೂರು ದಿನ ಬಿಡದೆ ಮಳೆ ಸುರಿದು ಕೆರೆ ತುಂಬಿತು. ನಾಲ್ಕನೆಯ ಬೆಳಿಗ್ಗೆ ಮಳೆ ನಿಂತು ಮಂಜು ಕವಿಯಿತು. ಹೆಚ್ಚಾದ ನೀರು ಕೆರೆಯ ಮೂಲೆಯಲ್ಲಿದ್ದ ಕೋಡಿಯನ್ನು ದಾಟಿ ಕೆಳಗಿನ ಬಂಡೆಗಳ ಮೇಲೆ ಬೀಳುತ್ತಿತ್ತು. ದೂರಕ್ಕೆ ಅದು ಯಾರೋ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ಕೇಳುತ್ತಿತ್ತು.

ಸಲೋಮಿ ದೊಡ್ಡ ಮರಿಗಳೆರಡನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿದ್ದಳು. ಯೋನಪ್ಪ ಮೀನಿಗೆ ಹೋಗಿದ್ದ. ತಬಿತಾ ಒಬ್ಬಳೇ ಗೂಡಿನಲ್ಲಿದ್ದಳು. ಗೂಡಿನ ಅಂಚಿನಲ್ಲಿ ಹಸಿರು ಬಳ್ಳಿಯೊಂದು ಇಣುಕುತ್ತಿತ್ತು. ಸ್ವಲ್ಪ ಎಳೆದಳು. ಬಂತು. ಇನ್ನೂ ಸ್ವಲ್ಪ ಎಳೆದಳು. ಇನ್ನೂ ಬಂತು. ಗೂಡನ್ನು ಕಟ್ಟಿ ನಿಲ್ಲಿಸಿದ ಬಳ್ಳಿ ಅದೇ ಎಂದು ಪಾಪ, ಅವಳಿಗೇನು ಗೊತ್ತು?

ಗೂಡು ಜೊಂಡನ್ನು ಬಿಟ್ಟು ಮೆಲ್ಲಗೆ ಹೊರಟಿತು. ಮೊದಮೊದಲು ಅವಳಿಗೆ ಬಹಳ ಚೆನ್ನಾಗಿತ್ತು. ತಾವರೆಗಳು ಒಂದೊಂದಾಗಿ ಮಂಜಿನಿಂದ ಹೊರಬಂದು, ಅವಳನ್ನು ನೋಡಿ, ಮತ್ತೆ ಮಂಜಿನೊಳಗೆ ಹೋಗುತ್ತಿದ್ದವು. ಆಮೇಲೆ ಅಪ್ಪನ ನೆನಪಾಯಿತು. ಅವಳು ನೀರಿಗೆ ಹಾರಿ ಒಂದು ತಾವರೆ ಎಲೆಯ ಅಡಿ ಅವಿತು ಕುಳಿತಳು.

ಯೋನಪ್ಪ ಮೀನು ಕಚ್ಚಿಕೊಂಡು ಬಂದು ನೋಡಿದರೆ ಗೂಡೂ ಇಲ್ಲ, ಮಗಳೂ ಇಲ್ಲ. ಅವನಿಗೆ ಹೆದರಿಕೆಯಾಯಿತು. ಬಾಯಿಂದ ಮಾತ್ರ ಸಿಟ್ಟೇ ಬಂತು, ಅದೊಂದೇ ಅವನಿಗೆ ಅಭ್ಯಾಸವಾಗಿತ್ತು.

"ತಬಿತಾ! ಎಲ್ಲಿ ಹೋದೆ? ಬಾ ಇಲ್ಲಿ!"

ತಬಿತಾ ಗುಳುಂ ಎಂದು ಮುಳುಗಿ ನಾಲ್ಕು ಮಾರು ಆಚೆ ಎದ್ದಳು.

"ಬರ್ತೀಯೋ ಇಲ್ವೋ? ಸಿಗು ನೀನು, ಮಾಡ್ತೀನಿ."

ಅವಳು ಮತ್ತೆ ಮುಳುಗಿದಳು, ಇನ್ನೂ ಆಚೆ ಎದ್ದಳು. ಅಲ್ಲಿ ನೀರು ನಿಂತಿರಲಿಲ್ಲ. ಅಡಿಯಿಂದ ಮೆತ್ತಗೆ ಕಾಲು ಹಿಡಿದು ಎಳೆಯುತ್ತಿತ್ತು. ಖಾಲಿ ಗೂಡು ಅವಳ ಪಕ್ಕದಲ್ಲೇ ತೇಲಿ ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಅದು ಕೋಡಿಯಾಚೆ ಬಿದ್ದ ಸದ್ದು ಕೇಳಿಸಿತು.

ಹತ್ತಿರದಲ್ಲೇ ನೀರಿಗೆ ಬಾಗಿದ ಮರದ ಕೊಂಬೆಯ ಮೇಲೆ ಅನ್ನಮ್ಮ ಎಂಬ ಮುದಿ ಆಮೆ ಕೂತಿದ್ದಳು. ಕೆರೆಯವರೆಲ್ಲ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದರು.

"ಯೋನಪ್ಪ, ಬಾಯಿ ಮುಚ್ಚು," ಎಂದಳು ಅಜ್ಜಿ.

"ಮಗಳು ಕಳೆದುಹೋಗಿದ್ದಾಳೆ ಅಜ್ಜಿ. ಕರೀಬೇಡ ಅಂತೀರಾ?"

"ನೀರ ಮೇಲಿನ ಗುಳ್ಳೆ ನೋಡು. ನೀನು ಕರೆದಾಗೆಲ್ಲ ಗುಳ್ಳೆ ಕೋಡಿ ಕಡೆಗೇ ಹೋಗ್ತಿದೆ. ಇನ್ನೆರಡು ಸಲ ಕೂಗು, ಮಗು ಗೂಡು ಹೋದಲ್ಲಿಗೇ ಹೋಗತ್ತೆ."

"ನಾನು ಅವಳನ್ನ ಉಳಿಸೋಕೆ ಕರೀತಿದೀನಿ."

"ಅದು ನಿನಗೆ ಗೊತ್ತು. ಅವಳಿಗೆ ಗಿಡುಗ ಬಂದಾಗಿನ ಕೂಗೂ ಒಂದೇ, ನಿನ್ನ ಕೂಗೂ ಒಂದೇ."

ಯೋನಪ್ಪನ ಮೀನು ಕೊಕ್ಕಿನಿಂದ ಯಾವಾಗಲೋ ಜಾರಿಹೋಗಿತ್ತು. ಬೆನ್ನಟ್ಟಿ ಹಿಡಿಯೋಣವೆಂದರೆ ಅವನ ನೆರಳು ಕಂಡರೂ ಅವಳು ಮುಳುಗುತ್ತಾಳೆ. ಅವನು ಸದ್ದಿಲ್ಲದೆ ಗುಳ್ಳೆಗಳ ಹತ್ತಿರಕ್ಕೆ ಈಜಿ, ಅವಳಿದ್ದ ಕಡೆಗೆ ಬೆನ್ನು ಮಾಡಿ ನಿಂತ. ಎರಡೂ ರೆಕ್ಕೆಗಳನ್ನು ಸ್ವಲ್ಪ ಅಗಲಿಸಿದ. ನೀರು ಅವನನ್ನೂ ಎಳೆಯುತ್ತಿತ್ತು. ಕಾಲು ಬಡಿಯುತ್ತಾ ಅಲ್ಲೇ ನಿಂತು ದೇವರೊಂದಿಗೆ ಮಾತಾಡಿದ. ಬಾಯಿಪಾಠದ ಪ್ರಾರ್ಥನೆ ಅವನಿಗೆ ನೆನಪೇ ಆಗಲಿಲ್ಲ.

"ಸ್ವಾಮಿ, ನನಗೆ ತುಂಬಾ ಹೆದರಿಕೆ ಆಗ್ತಿದೆ. ಗೂಡು ಹೋದ್ರೆ ಹೋಗ್ಲಿ, ನನ್ನ ಮಗಳು ಬೇಕು. ಅವಳನ್ನ ನನ್ನಿಂದ ಓಡಿಸಿದವನು ನಾನೇ. ನಿನ್ನಿಂದಾನೂ ಓಡಿಸಿಬಿಟ್ಟೆ. ತಪ್ಪಾಯ್ತು ಸ್ವಾಮಿ."

ತಬಿತಾ ನೀರಿನಿಂದ ತಲೆ ಎತ್ತಿದಳು. ದನಿ ಅಪ್ಪನದೇ, ಆದರೆ ಬಹಳ ಚಿಕ್ಕದಾಗಿತ್ತು. ದೊಡ್ಡವರಿಗೂ ಹೆದರಿಕೆ ಆಗುತ್ತದೆಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಪ್ಪ ತಿರುಗಿ ನೋಡಿದ್ದರೆ ಅವಳು ಮುಳುಗುತ್ತಿದ್ದಳೇನೋ. ಅವನು ತಿರುಗಲಿಲ್ಲ. ಅವಳು ಕಾಲು ಬಡಿದಳು. ನೀರು ಹಿಂದಕ್ಕೆ ಎಳೆಯಿತು. ಇನ್ನೂ ಜೋರಾಗಿ ಬಡಿದಳು.

ಯೋನಪ್ಪನ ಬೆನ್ನ ಮೇಲೆ ಎರಡು ಪುಟ್ಟ ಒದ್ದೆ ಕಾಲುಗಳು ಹತ್ತಿದವು. ಅವನು ರೆಕ್ಕೆ ಮಡಿಸಿ ಅವಳನ್ನು ಒಳಗೆ ಸೇರಿಸಿಕೊಂಡು, ಹರಿವಿಗೆ ಎದುರಾಗಿ ಈಜತೊಡಗಿದ. ನಿಂತ ನೀರು ಸಿಗುವವರೆಗೆ ಕಾಲು ಬಡಿಯುತ್ತಲೇ ಇದ್ದ.

"ಅಪ್ಪ, ಬಳ್ಳಿ ಎಳೆದದ್ದು ನಾನೇ," ಎಂದಳು ತಬಿತಾ.

"ಗೊತ್ತಾಯ್ತು ಮಗಳೇ."

"ಕುಕ್ಕಲ್ವಾ?"

"ಇಲ್ಲ."

"ಇವತ್ತು ಮಾತ್ರಾನಾ?"

"ಇನ್ಯಾವತ್ತೂ ಇಲ್ಲ."

ಅವಳು ರೆಕ್ಕೆಯಿಂದ ತಲೆ ಹೊರಗೆ ಹಾಕಿದಳು. "ನೀನೂ ತಪ್ಪಾಯ್ತು ಅಂದ್ಯಲ್ಲ ಅಪ್ಪ. ದೇವರು ನಿನ್ನ ಕುಕ್ಕಿದ್ನಾ?"

ಯೋನಪ್ಪ ಈಜುವುದನ್ನು ನಿಲ್ಲಿಸಿದ. ಮಂಜು ಅವರ ಸುತ್ತ ಬೆಳ್ಳಗೆ ತೇಲುತ್ತಿತ್ತು.

"ಇಲ್ಲ. ನಿನ್ನನ್ನ ತಂದು ನನ್ನ ಬೆನ್ನ ಮೇಲೆ ಕೂರಿಸಿದ," ಎಂದ.

ಅವರು ಹೊಸ ಗೂಡು ಕಟ್ಟಿಕೊಂಡರು. ಪ್ರಾರ್ಥನೆ ನಿಲ್ಲಲಿಲ್ಲ. ಯೋನಪ್ಪ ಮಕ್ಕಳನ್ನು ಬೆನ್ನ ಮೇಲೆ ಹೊತ್ತು, ಸಂಜೆಯ ನೀರಿನಲ್ಲಿ ಸುಮ್ಮನೆ ತೇಲುತ್ತಾ ಯೇಸುಸ್ವಾಮಿಯ ಕತೆ ಹೇಳುತ್ತಿದ್ದ. ಅವನು ಒಂದೇ ದಿನಕ್ಕೆ ಸಾಧುವಾದ ಎಂದು ನಾನು ಸುಳ್ಳು ಹೇಳಲಾರೆ. ಸಿಟ್ಟು ಬರುತ್ತಿತ್ತು. ಆದರೆ ಸಿಟ್ಟು ಬಂದರೆ ಈಗ ನೀರಿನಲ್ಲಿ ಮುಳುಗುವವನು ಅವನೇ. ತಲೆ ತಣ್ಣಗಾದ ಬಳಿಕ ಮೇಲೆ ಬರುತ್ತಿದ್ದ. ಕೆಲವು ದಿನ ಬಹಳ ಹೊತ್ತು ಬರುತ್ತಿರಲಿಲ್ಲ, ಸಲೋಮಿ ನಗುತ್ತಾ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ತಬಿತಾ ದೂರದಿಂದ ಅವನ ಕಡೆಗೆ ನೇರವಾಗಿ ಈಜಿ ಬಂದಳು. ಮುಖ ಸಪ್ಪಗಿತ್ತು.

"ಅಪ್ಪ, ಅಮ್ಮ ಅಣ್ಣನಿಗೆ ಅಂತ ಇಟ್ಟಿದ್ದ ಸೀಗಡಿ ನಾನು ತಿಂದ್ಬಿಟ್ಟೆ."

"ಅಣ್ಣ ಹಸಿದು ಬರ್ತಾನಲ್ಲ ಮಗಳೇ, ಈಗೇನು ಮಾಡೋಣ?"

"ಇನ್ನೊಂದು ಹಿಡಿಯೋಣ. ನೀನೂ ಬಾ."

"ಹತ್ತು," ಎಂದು ಯೋನಪ್ಪ ಬೆನ್ನು ಕೊಟ್ಟ.

ಇಬ್ಬರೂ ಜೊಂಡಿನ ಕಡೆಗೆ ಹೊರಟರು. ಬೆನ್ನ ಮೇಲಿಂದ ಒಂದು ಪಿಸುದನಿ ಅವನ ಕಿವಿಗೆ ಬಿತ್ತು. ಅದು ಅವನಿಗೆ ಹೇಳಿದ ಮಾತಲ್ಲ.

"ಸ್ವಾಮಿ, ತಿಂದದ್ದು ನಾನೇ. ಅಣ್ಣನಿಗೆ ಒಂದು ದೊಡ್ಡದು ಸಿಗ್ಲಿ. ನಮ್ಮಪ್ಪನಿಗೂ ಒಂದು."

ಆ ಪ್ರಾರ್ಥನೆಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಮುಗಿಯುವವರೆಗೆ ನೀರು ಕದಲದಂತೆ ಯೋನಪ್ಪ ಮೆಲ್ಲಗೆ ಈಜಿದ.

ನೀತಿ: ಪೆಟ್ಟಿಗೆ ಹೆದರಿದ ಮಗು ತಂದೆಯಿಂದಲೂ ಅಡಗುತ್ತದೆ, ದೇವರಿಂದಲೂ ಅಡಗುತ್ತದೆ; ತಪ್ಪು ಮಾಡಿದಾಗ ನಮ್ಮ ಕಡೆಗೇ ಓಡಿ ಬರುವಂತೆ ಬೆಳೆಸಿದ ಮಗು ದೇವರ ಬಳಿಗೆ ತಾನೇ ದಾರಿ ಕಂಡುಕೊಳ್ಳುತ್ತದೆ.