ಮೀನಿಲ್ಲದ ನೀರಿಗೆ ಒಂದು ಚಿಟಿಕೆ

"ಗಾಜಿನ ತೊಟ್ಟಿ ಖಾಲಿ ಇಡಬ್ಯಾಡ್ರಿ. ಮೀನು ಬಿಡ್ರಿ. ಮನ್ಯಾಗ ಏನಾದ್ರೂ ಓಡಾಡ್ಲಿ."

ನನ್ನ ಹೆಂಡತಿ ಕೊಟ್ರಮ್ಮ ಕೊನೆಗೆ ಆಡಿದ ಮಾತು ಇದು. ತೊಟ್ಟಿ ತರಿಸಿದವಳೂ ಅವಳೇ. ನೀರು ತುಂಬುವುದರೊಳಗೆ ತೀರಿಹೋದಳು.

ಹೊಳೆ ದಂಡೆಯಲ್ಲಿ ಗಫೂರ್ ಸಾಬರು ಬಣ್ಣದ ಮೀನು ಸಾಕುತ್ತಾರೆ. ಅವರಿಂದ ಆರು ಮೀನು ತಂದು ಬಿಟ್ಟೆ. ನಾಲ್ಕು ದಿನಕ್ಕೆ ಆರೂ ಸತ್ತವು. ಮತ್ತೆ ಆರು ತಂದೆ. ಅವೂ ಸತ್ತವು.

ಮೂರನೇ ಸಲ ಹೋದಾಗ ಸಾಬರು ಬಲೆ ಕೆಳಗಿಟ್ಟರು.

"ಹನ್ನೆರಡು ಕೊಂದಿ. ಸಾರಾದ್ರೂ ಮಾಡ್ಕೊಂಡ್ಯೇನು?"

"ಹಾಸ್ಯ ಬ್ಯಾಡ, ಸಾಬ್ರೆ."

"ನೀರಿಗೆ ಏನು ಹಾಕ್ದಿ?"

"ಬ್ಲೀಚಿಂಗ್ ಪೌಡರ್. ಸ್ವಲ್ಪ."

"ಯಾಕೆ?"

"ಮೂವತ್ತು ವರ್ಷ ನೀರುಗಂಟಿ ನಾನು. ಊರ ಟ್ಯಾಂಕಿಗೆ ಪೌಡರ್ ಹಾಕಿದ ಕೈ ಇದು. ನಾನು ಬಿಟ್ಟ ನೀರು ಕುಡಿದು ಒಬ್ಬರಿಗೂ ವಾಂತಿಭೇದಿ ಆಗಿಲ್ಲ. ನನಗೇ ನೀರು ಹೇಳ್ಕೊಡ್ತೀರಾ?"

"ಊರು ನೀರು ಕುಡಿತೈತಿ, ಹಾಲಪ್ಪ. ಮೀನು ನೀರಾಗೇ ಉಣ್ತೈತಿ, ಅದರಾಗೇ ಹೊಲಸು ಮಾಡ್ತೈತಿ. ಆ ಹೊಲಸು ವಿಷ. ಅದನ್ನ ತಿನ್ನೋ ಹುಳ ಕಣ್ಣಿಗೆ ಕಾಣಲ್ಲ. ನೀನು ಅವನ್ನೇ ಕೊಲ್ತಿದ್ದಿ."

ಮೀನು ಕೊಡಲಿಲ್ಲ. ಹಳೇ ತೊಟ್ಟಿಯಿಂದ ನೀರು ಸೋಸುವ ಒಂದು ಸ್ಪಂಜು ತೆಗೆದು ಕೊಟ್ಟರು. ಕರ್ರಗಿತ್ತು. ಕೈಗೆ ಲೋಳೆ ಹತ್ತಿತು.

"ಆ ಹುಳ ಇದರಾಗದಾವೆ. ನಲ್ಲಿ ನೀರು ಎರಡು ದಿನ ಕೊಡದೊಳಗ ತುಂಬಿಡು, ಪೌಡರ್ ಹೋಗ್ಲಿ. ಆಮೇಲೆ ತೊಟ್ಟಿಗೆ ತುಂಬಿ ಇದನ್ನ ಮುಳುಗಿಸು. ವಾರ ಬಿಟ್ಟು ಬಾ."

ವಾರ ಬಿಟ್ಟು ಹೋದೆ.

"ಸ್ಪಂಜು ಹೆಂಗೈತಿ?"

"ಹೊಸದರಂಗೈತಿ."

ಸಾಬರು ನನ್ನ ಮುಖ ನೋಡಿದರು.

"ಅಷ್ಟು ಹೊಲಸು ಅವಳ ತೊಟ್ಟಿಗೆ ಹಾಕೋಕೆ ಮನಸ್ಸಾಗಲಿಲ್ಲ. ಸಾಬೂನು ಹಚ್ಚಿ ತೊಳೆದೆ."

"ಯಾ ಅಲ್ಲಾ!" ಸಾಬರು ಹಣೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು. ಎಷ್ಟೋ ಹೊತ್ತು ಏಳಲಿಲ್ಲ.

ಆಮೇಲೆ ಇನ್ನೊಂದು ಸ್ಪಂಜು ತಂದರು. ಜೊತೆಗೆ ಮೀನಿನ ಕಾಳಿನ ಪೊಟ್ಟಣ.

"ತೊಳೆದ್ರೆ ಇತ್ತ ಬರಬ್ಯಾಡ. ದಿನಾ ಬೆಳಿಗ್ಗೆ ಈ ಕಾಳು ಒಂದು ಚಿಟಿಕೆ ಹಾಕು."

"ಯಾರಿಗೆ? ಮೀನೇ ಇಲ್ವಲ್ಲ!"

"ನೀರಿಗೆ. ಕಾಳು ಕೊಳಿತೈತಿ. ಅದರ ಮೇಲೆ ಹುಳ ಬದುಕ್ತಾವೆ, ಹೆಚ್ತಾವೆ. ತಿಂಗಳಾದ ಮೇಲೆ ಮೀನು ಕೊಡ್ತೀನಿ."

ನನಗೆ ರೇಗಿತು. ಪೊಟ್ಟಣ ಕಟ್ಟೆ ಮೇಲೆ ಕುಕ್ಕಿದೆ.

"ತಿಂಗಳಾ? ಅವಳು ಹೇಳಿದ್ದು ಒಂದೇ ಮಾತು, ಸಾಬ್ರೆ. ಒಂದೇ. ಅದೂ ಆಗ್ತಿಲ್ಲ ನನ್ನ ಕೈಲಿ. ಮೀನಿಲ್ಲದ ನೀರಿಗೆ ಕಾಳು ಹಾಕ್ತಾ ಕೂರೋಕೆ ನನಗೇನು ಹುಚ್ಚು ಹಿಡಿದೈತಾ?"

ಸಾಬರು ಬಲೆಯ ಹರಿದ ಕಣ್ಣಿಗೆ ಗಂಟು ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಬೆಳಿಗ್ಗೆ ನಲ್ಲಿ ಬಂದಾಗ ಈಗಲೂ ಕೂಗ್ತೀಯಂತೆ. ನಿಮ್ಮ ಓಣಿಯವರು ಹೇಳ್ತಾರೆ."

"ಕೂಗ್ತೀನಿ. 'ಕೊಟ್ರೀ, ನೀರು ಬಂತು' ಅಂತ. ಮೂವತ್ತು ವರ್ಷದ ರೂಢಿ."

"ಯಾರು ಓ ಅಂತಾರೆ?"



ಸಾಬರು ಪೊಟ್ಟಣ ಎತ್ತಿ ನನ್ನ ಕೈಯಲ್ಲಿಟ್ಟರು.

"ಕೂಗ್ತೀಯಲ್ಲ, ಹಂಗೇ ಇದನ್ನೂ ಹಾಕು. ಹೋಗು."

ಮರುದಿನ ಬೆಳಿಗ್ಗೆ ನಲ್ಲಿ ಬಂತು. ಕೂಗಿದೆ. ಕೊಡ ಇಟ್ಟೆ. ಸ್ಪಂಜು ಮುಟ್ಟಲಿಲ್ಲ. ಮೀನಿಲ್ಲದ ನೀರಿಗೆ ಒಂದು ಚಿಟಿಕೆ ಹಾಕಿದೆ.