ತಿಳಿನೀರು

"ಜ್ವರ ಬಿಟ್ಟೋಯ್ತಲ್ಲ ಬುದ್ಧೀ, ಇನ್ನೂ ಯಾಕೆ ಮಾತ್ರೆ ನುಂಗ್ಬೇಕು?"

ಕೇಳಿದವಳು ಶಿವನಾಗಮ್ಮ. ಗುರುಗಳಿಂದ ದೀಕ್ಷೆ ಪಡೆದು, ಮಠದ ಅಡುಗೆಮನೆಯಲ್ಲೇ ಉಳಿದವಳು. ಹೋದ ತಿಂಗಳು ಅವಳಿಗೆ ಚಳಿಜ್ವರ ಬಂದು, ಬೆನ್ನಿನ ಒಂದು ಪಕ್ಕ ಹಿಡಿದುಕೊಂಡು, ಮೂತ್ರಕ್ಕೆ ಹೋದರೆ ಉರಿಯುತ್ತಿತ್ತು. ಮೂತ್ರಪಿಂಡಕ್ಕೆ ಸೋಂಕು ತಗುಲಿದೆ ಎಂದು ಡಾಕ್ಟರು ಏಳು ದಿನದ ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ಮೈ ಹಗುರಾಯಿತು. ಮಾತ್ರೆಯಿಂದ ಬಾಯೆಲ್ಲ ಕಹಿಯಾಗಿತ್ತು. ಉಳಿದದ್ದನ್ನು ಮುಂದೆ ಯಾರಿಗಾದರೂ ಬೇಕಾದೀತು ಎಂದು ಸಾಸಿವೆ ಡಬ್ಬಿಯಲ್ಲಿ ಎತ್ತಿಟ್ಟಳು. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಜ್ವರ ಮೊದಲಿಗಿಂತ ಜೋರಾಗಿ ತಿರುಗಿ ಬಂತು. ಈ ಸಲ ಆಸ್ಪತ್ರೆಯಲ್ಲಿ ಮಲಗಿ ಸೂಜಿ ಚುಚ್ಚಿಸಿಕೊಳ್ಳಬೇಕಾಯಿತು. ಬೇರೆ ಮಾತ್ರೆ ಕೊಟ್ಟು, ಹತ್ತು ದಿನ ಎಂದು ಬರೆದು ಕಳಿಸಿದ್ದರು. ಇಂದಿಗೆ ಐದು ದಿನ. ಮತ್ತೆ ಜ್ವರವಿಲ್ಲ.

ಗುರುಗಳು ಮುಚ್ಚಿದ್ದ ಕಣ್ಣು ತೆರೆದರು.

"ಹೋದ ಸಲವೂ ನೀನು ಇದನ್ನೇ ಕೇಳಿದ್ದೆ, ತಾಯಿ. ಅವತ್ತು ನನಗೆ ಮಾತೇ ಬೇಡವಾಗಿತ್ತು. ನಿನಗೆ ತೋಚಿದ ಹಾಗೆ ಮಾಡು ಎಂದುಬಿಟ್ಟೆ. ಅದು ನನ್ನ ಸೋಮಾರಿತನ. ಈಗ ಹೇಳುತ್ತೇನೆ, ಕೂತುಕೋ."

ಅವರು ಹೇಳಿದ ಕತೆ ಇದು.

ಒಂದು ಬೀದಿಗೆ ಒಂದೇ ಸಿಹಿನೀರಿನ ಬಾವಿ ಇತ್ತು. ಒಮ್ಮೆ ಅದರೊಳಗೆ ಹೆಗ್ಗಣ ಬಿದ್ದು ಕೊಳೆಯಿತು. ನೀರು ನಾರತೊಡಗಿತು, ಕುಡಿದವರಿಗೆ ವಾಂತಿಭೇದಿ ಹಿಡಿಯಿತು. ಬೀದಿಯವರು ಬಾವಿ ಇಳಿಯುವವನೊಬ್ಬನನ್ನು ಕರೆಸಿದರು. ಅವನು ಇಳಿದು, ಸತ್ತದ್ದನ್ನು ಎತ್ತಿ ಹಾಕಿ, ಗೋಡೆಯ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿ ಮೇಲೆ ಬಂದ.

"ಏಳು ದಿನ, ದಿನಕ್ಕೊಂದು ಸಲ ತಳ ಕಾಣೋ ಹಾಗೆ ಸೇದಿ ಚೆಲ್ಲಿ. ಎಂಟನೇ ದಿನ ಬಂದು ಇಳಿದು ನೋಡ್ತೀನಿ" ಎಂದ.

ಆ ಬೀದಿಯ ಹಿರಿಯ ಒಬ್ಬ ವ್ಯಾಪಾರಿ. "ಮೇಲಿನ ಬೀದಿಯೋರು ಐದೇ ದಿನಕ್ಕೆ ಬಿಟ್ರಲ್ಲಪ್ಪ. ನಮಗ್ಯಾಕೆ ಏಳು?" ಎಂದು ಕೇಳಿದ.

"ಅದು ಆ ಬಾವಿ ಲೆಕ್ಕ ಸ್ವಾಮಿ. ನಮ್ಮಜ್ಜ ಎಲ್ಲಾ ಬಾವಿಗೂ ಹದಿನಾಲ್ಕು ದಿನ ಸೇದಿಸ್ತಿದ್ದ. ಅಷ್ಟು ಬೇಡ ಅಂತ ನಾವು ಇಳಿದಿಳಿದೇ ಕಲಿತ್ವಿ. ಈ ಬಾವಿಗೆ ಏಳು ಬೇಕು."

ಬೀದಿಯವರು ಸೇದಿದರು. ಮನೆಮನೆಯಿಂದ ಒಬ್ಬೊಬ್ಬರು ಸರದಿಯ ಮೇಲೆ ಬಂದರು. ವ್ಯಾಪಾರಿಯ ಹೆಂಡತಿಯೂ ಸೇದಿದಳು. ಹಗ್ಗ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಬಂತು. ನಾಲ್ಕನೆಯ ದಿನ ವ್ಯಾಪಾರಿ ಒಂದು ಚೊಂಬು ನೀರನ್ನು ಬಿಸಿಲಿಗೆ ಹಿಡಿದು ನೋಡಿದ. ಚೊಂಬಿನ ತಳ ಕಾಣುತ್ತಿತ್ತು. ಮೂಸಿದ. ವಾಸನೆ ಇರಲಿಲ್ಲ.

"ತಿಳಿಯಾಗಿದೆ" ಎಂದ.

ಯಾರೂ ಎರಡನೆಯ ಮಾತು ಆಡಲಿಲ್ಲ. ನಾನು ಅವರನ್ನು ಬೈಯುವುದಿಲ್ಲ. ಎಲ್ಲರ ತೋಳೂ ಬಿದ್ದುಹೋಗಿತ್ತು. ದಣಿದವನಿಗೆ ನಿಲ್ಲಿಸಲು ಒಂದು ನೆಪ ಸಿಕ್ಕರೆ ಸಾಕು. ಹಗ್ಗ ಸುತ್ತಿ ವ್ಯಾಪಾರಿಯ ಜಗಲಿಯ ಗೂಟಕ್ಕೆ ನೇತುಹಾಕಿದರು. ಅದೇ ನೀರಿನಲ್ಲಿ ಪಾಯಸವನ್ನೂ ಮಾಡಿ ಉಂಡರು.

ಎಂಟನೆಯ ದಿನ ಬಾವಿ ಇಳಿಯುವವನು ಬಂದ. ಗೂಟದಲ್ಲಿದ್ದ ಹಗ್ಗವನ್ನು ಮುಟ್ಟಿದ. ಅದು ಒಣಗಿ ಬಿರುಸಾಗಿತ್ತು. ಇಳಿದು ನೋಡುತ್ತೇನೆ ಎಂದದ್ದಕ್ಕೆ ವ್ಯಾಪಾರಿ ಒಪ್ಪಲಿಲ್ಲ. ಕುಡಿಯುವ ನೀರಿಗೆ ಕಾಲಿಟ್ಟು ಕದಡಬೇಡ ಎಂದು ಹೇಳಿ, ಎಲೆ ಅಡಿಕೆ ಕೊಟ್ಟು ಮರ್ಯಾದೆಯಿಂದಲೇ ಕಳಿಸಿದ.

ಒಂದೂವರೆ ತಿಂಗಳಿಗೆ ನೀರು ಮತ್ತೆ ನಾರಿತು. ಈ ಸಲ ಬಾವಿಗೆ ಏನೂ ಬಿದ್ದಿರಲಿಲ್ಲ. ಹಳೆಯ ಕೊಳೆಯೇ ಹೂಳಿನಲ್ಲಿ, ಕಲ್ಲಿನ ಸಂದಿನಲ್ಲಿ ಕೂತು ಬೆಳೆದಿತ್ತು. ಬೀದಿಯವರು ಮತ್ತೆ ಹಗ್ಗ ಹಿಡಿದರು. ನಾಲ್ಕು ದಿನವಾಯಿತು, ಏಳಾಯಿತು, ಹನ್ನೆರಡಾಯಿತು. ನೀರು ಸರಿಹೋಗಲಿಲ್ಲ. ಬಾವಿ ಇಳಿಯುವವನನ್ನು ಕೈಮುಗಿದು ಕರೆತಂದರು. ಅವನು ಇಳಿದು, ಬಹಳ ಹೊತ್ತು ಒಳಗಿದ್ದು, ಮೇಲೆ ಬಂದು ಕಟ್ಟೆಯ ಮೇಲೆ ಕೂತ.

"ಒರತೆಯ ಬಾಯಿಗೇ ಹೋಗಿದೆ. ಇನ್ನು ನನ್ನ ಕೈಲಾಗೋದಿಲ್ಲ" ಎಂದ.

ಬಾವಿಗೆ ಕಲ್ಲು ಚಪ್ಪಡಿ ಮುಚ್ಚಿದರು. ಈಗ ಅವರು ಒಂದು ಮೈಲಿ ದೂರದ ಹೊಳೆಯಿಂದ ನೀರು ಹೊರುತ್ತಾರೆ. ಮೂರು ದಿನ ಹೆಚ್ಚು ಸೇದಲಾರದೆ ಕೈಬಿಟ್ಟ ವ್ಯಾಪಾರಿಯ ಹೆಂಡತಿ, ಸಾಯುವವರೆಗೂ ದಿನಾ ಎರಡು ಕೊಡ ಹೊತ್ತಳು.

ಗುರುಗಳು ಕತೆ ನಿಲ್ಲಿಸಿದರು. ಶಿವನಾಗಮ್ಮನಿಗೆ ಆ ಹೆಂಗಸಿನ ಮೇಲೆ ಮರುಕ ಬಂತು.

"ಪಾಪ, ಅವರದೇನು ತಪ್ಪು ಬುದ್ಧೀ? ಅವತ್ತು ನೀರು ತಿಳಿದಿತ್ತಲ್ಲ."

"ನೀರು ತಿಳಿದಿತ್ತು ತಾಯಿ, ಅವರಿಗೆ ತಿಳಿದಿರಲಿಲ್ಲ."

ಶಿವನಾಗಮ್ಮ ಎದ್ದು ಹೋಗಿ ಮಾತ್ರೆ ನುಂಗಲು ಒಂದು ಲೋಟ ನೀರು ತಂದಳು.