ಸಂಕವ್ವ ಹೊತ್ತಿಸಿದ ದಂಡಿನ ಒಲೆ

ಬಹಳ ಹಿಂದೆ, ಹೊಳೆಗೆ ಸೇತುವೆ ಅನ್ನುವುದು ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ, ದಂಡಿನಹಾಳು ಅಂತ ಒಂದು ಊರಿತ್ತಂತೆ. ಊರ ಪಕ್ಕದಲ್ಲೊಂದು ದಿಬ್ಬ, ದಿಬ್ಬದ ಹೊಟ್ಟೆಯೊಳಗೊಂದು ಕೋಟೆ. ಸಮುದ್ರದಾಚೆಯಿಂದ ಬಂದ ಯವನರ ದಂಡು ಯಾವನೋ ಅರಸನ ಸಂಬಳಕ್ಕೆ ಅಲ್ಲಿ ಕಾವಲಿತ್ತಂತೆ. ಅರಸ ಹೋದ, ದಂಡೂ ಹೋಯಿತು. ಗಾಳಿ ತಂದ ಮಣ್ಣು, ಮಳೆ ತಂದ ಮಣ್ಣು ಸೇರಿ ಕೋಟೆಯನ್ನು ಮುಚ್ಚಿದವು. ನೇಗಿಲಿಗೆ ಆಗಾಗ ನೂಲು ಹಿಡಿದು ಕಟ್ಟಿದಂಥ ನೇರ ಗೋಡೆ ತಗಲುತ್ತಿತ್ತು. ಆಗ ರೈತರು ಕೆನ್ನೆ ಬಡಿದುಕೊಂಡು ಎತ್ತು ತಿರುಗಿಸುತ್ತಿದ್ದರಂತೆ.

ಆ ಊರಲ್ಲಿ ಕುಂಬಾರ ಸಂಕವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ಗಡಿಗೆ ಸುಡುವ ಆವಿಗೆಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಬಾಯಿ ಬಲು ಜೋರು. ಸಂಕವ್ವ ಬೈದರೆ ಹಸಿ ಗಡಿಗೆ ಬಿಸಿಲಿಲ್ಲದೆ ಒಣಗುತ್ತದೆ ಅಂತ ಊರವರು ನಗುತ್ತಿದ್ದರಂತೆ. ಒಬ್ಬಳೇ ಮಗಳು ಬಾಳವ್ವನ ಮುಂದೆ ಮಾತ್ರ ಅವಳು ಬೆಣ್ಣೆ.

ಒಂದು ಬೇಸಿಗೆಯಲ್ಲಿ ಗೌಡರ ಭಾವಮೈದ ಭರಮಪ್ಪನಿಗೆ ನಿಧಿಯ ಹುಚ್ಚು ಹಿಡಿಯಿತು. ಅಂಜನ ಹಾಕುವವನೊಬ್ಬನನ್ನು ಕರೆತಂದು ದಿಬ್ಬ ಅಗೆಸಿದ. ಒಳಗೆ ಅರ್ಧ ಚಾವಣಿ ಉಳಿದಿದ್ದ ಒಂದು ಕೋಣೆ ಸಿಕ್ಕಿತು. ನೆಲದ ಚಪ್ಪಡಿಯೊಂದನ್ನು ಎಬ್ಬಿಸಿದರೆ, ಕೆಳಗೆ ಪಂಕ್ತಿಗೆ ಕೂತವರ ಹಾಗೆ ಸಾಲುಸಾಲು ಇಟ್ಟಿಗೆಯ ಮೋಟು ಕಂಬಗಳು, ಅವುಗಳ ನಡುವೆ ಬರೀ ಇದ್ದಿಲು! ದೆಸೆ ಇಲ್ಲದವರ ಕೈಗೆ ನಿಧಿ ಇದ್ದಿಲಾಗುತ್ತದೆ ಅನ್ನುವುದು ಯಾರಿಗೆ ಗೊತ್ತಿಲ್ಲ? ನಿನ್ನ ದೆಸೆಯಿಂದ ಹೀಗಾಯಿತು ಅಂತ ಅವನು ಇವನಿಗೆ, ಇವನು ಅವನಿಗೆ ಬೈದುಕೊಂಡು ಮನೆಗೆ ಹೋದರಂತೆ. ಆದರೂ ಭರಮಪ್ಪ ಒಂದು ಬುಟ್ಟಿ ಇದ್ದಿಲು ಮನೆಗೊಯ್ದು, ಮತ್ತೆ ಬಂಗಾರವಾದೀತೇ ಅಂತ ದಿನಾ ಬೆಳಗ್ಗೆ ಇಣುಕುತ್ತಿದ್ದನಂತೆ.

ಮಳೆಗಾಲ ಬಂತು. ಬಾಳವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡುಮಗು ಹೆತ್ತಳು. ಹಾಗೆ ಹೆತ್ತ ಮರುದಿನವೇ ಹೊಳೆ ಕುಂಬಾರರ ಓಣಿಗೆ ನುಗ್ಗಿತು. ಬಾಣಂತಿಗೆ ಬಿಸಿನೀರು ಎರೆಯಬೇಕು, ಮಂಚದ ಕೆಳಗೆ ಕೆಂಡ ಇಡಬೇಕು, ಮೈ ಕಾಸಬೇಕು. ಇಲ್ಲಿ ನೋಡಿದರೆ ಒಲೆಯೇ ಕರಗಿ ನೀರುಪಾಲು. ಓಣಿಯವರೆಲ್ಲ ದಿಬ್ಬದ ಬುಡದ ಗುಡಿ ಸೇರಿದರು. ಅಲ್ಲೂ ಎರಚಲು. ಬಾಳವ್ವನ ಅಂಗಾಲು ತಣ್ಣಗಾಯಿತು, ಹಲ್ಲು ಕಟಕಟ ಅಂದವು, ಎದೆಹಾಲು ನಿಂತಿತು. ಸೂಲಗಿತ್ತಿ ಕೈ ಮುಟ್ಟಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳಂತೆ.

ಆಗ ಸಂಕವ್ವನಿಗೆ ಭರಮಪ್ಪನ ಇದ್ದಿಲು ನೆನಪಾಯಿತು. ಕೆಳಗೆ ಬೆಂಕಿ, ಮೇಲೆ ಚಪ್ಪಡಿ. ಅದು ಆವಿಗೆಯಲ್ಲದೆ ಇನ್ನೇನು? ಮಳೆಯಲ್ಲೇ ದಿಬ್ಬ ಹತ್ತಿ ಕೋಣೆಗೆ ಇಳಿದಳು. ಸುಟ್ಟ ಗಡಿಗೆಯ ಒಂದು ಚೂರೂ ಇಲ್ಲ. ಗೋಡೆಯುದ್ದಕ್ಕೂ ಕೂರುವ ಕಟ್ಟೆ, ಮೂಲೆಯಲ್ಲಿ ನೀರು ಹೋಗುವ ಕಿಂಡಿ. ಅಯ್ಯೋ ಶಿವನೇ, ಇದು ಗಡಿಗೆ ಸುಡುವ ಆವಿಗೆಯಲ್ಲ, ಮನುಷ್ಯರು ಮೈ ಕಾಸಿಕೊಂಡು ಮೀಯುತ್ತಿದ್ದ ಬಚ್ಚಲು ಅಂತ ಅವಳಿಗೆ ಹೊಳೆಯಿತಂತೆ.

ಊರವರು ಬೇಡವೆಂದರು. ಹಸಿ ಬಾಣಂತಿಯನ್ನು ದಂಡಿನ ದೆವ್ವಗಳ ಮನೆಗೆ ಒಯ್ಯುವುದುಂಟೇ? ಸಂಕವ್ವ ಸೆರಗು ಸೊಂಟಕ್ಕೆ ಸಿಗಿಸಿದಳು.

"ದೆವ್ವ ಬಂದ್ರ ನಾ ನೋಡ್ಕೋತೀನಿ. ಚಳಿ ಬಂದು ಕುಂತೈತಲ್ಲ, ಅದನ್ನ ನಿಮ್ಮಾಗ ಯಾರು ನೋಡ್ಕೋತೀರಿ?"

ಮುಂದಿನ ಆವಿಗೆಗೆಂದು ಅವಳು ಅಟ್ಟದ ಮೇಲೆ ಪೇರಿಸಿಟ್ಟಿದ್ದ ಒಣ ಕುಳ್ಳನ್ನೆಲ್ಲ ಓಣಿಯವರು ಎದೆಮಟ್ಟದ ನೀರಲ್ಲಿ ತಲೆಯ ಮೇಲೆ ಹೊತ್ತು ತಂದರು. ಬಾಳವ್ವನನ್ನೂ ಕೂಸನ್ನೂ ಗುಡಿಯಿಂದ ಎತ್ತಿ ತಂದು ಕೋಣೆಯ ಕಟ್ಟೆಯ ಮೇಲೆ ಕೂರಿಸಿದರು. ಇನ್ನೊಬ್ಬರ ಒಲೆಗೆ ಕೇಳದೆ ಬೆಂಕಿ ಹಾಕಬಾರದು ನೋಡಿ. ಸಂಕವ್ವ ಗೋಡೆಯ ಬುಡದಲ್ಲಿ ನೆಲದಡಿಗೆ ಬೆಂಕಿ ಉಣಿಸುವ ಒಲೆಯ ಬಾಯಿಯ ಮುಂದೆ ಕೂತು, ಅಪ್ಪಗಳಿರಾ, ನಿಮ್ಮ ಒಲೆ ಒಂದಿಷ್ಟು ಹೊತ್ತು ಕೊಡಿ ಅಂತ ಕೇಳಿಕೊಂಡಳಂತೆ. ಆಮೇಲೆ ಒಂದೇ ಒಂದು ಕುಳ್ಳಿಗೆ ಕಿಡಿ ಹಚ್ಚಿದಳು.

ಅಷ್ಟರಲ್ಲಿ ಭರಮಪ್ಪ ತನ್ನ ಮನೆಯ ಒಣ ಕೊರಡುಗಳನ್ನು ಹೊರಿಸಿಕೊಂಡು ಬಂದ. ಏನೇ ಹೇಳಿ, ಮನುಷ್ಯ ಕೆಟ್ಟವನಲ್ಲ. ಹುಡುಗಿ ನಡುಗುವುದನ್ನು ಕಂಡು, ಎಲ್ಲ ಒಟ್ಟಿಗೆ ಹಾಕು, ಉರಿ ಎಬ್ಬಿಸು ಅಂತ ಕೂಗಾಡಿದ. ಸಂಕವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ ಯಪ್ಪಾ! ಹಸಿ ಗಡಿಗಿಗೆ ಒಮ್ಮಿಗೇ ಉರಿ ಕೊಟ್ರ ಸಿಡೀತೈತಿ. ಈ ನೆಲ ಎಷ್ಟು ತಲಿಮಾರಿನ ನೀರು ಕುಡದೈತೋ ಯಾರಿಗ್ಗೊತ್ತು."

ಹೇಳುವುದು ಸುಲಭ. ಅತ್ತ ಮಗಳ ಹಲ್ಲಿನ ಸದ್ದು, ಇತ್ತ ಬರೀ ಹೊಗೆ. ಸಂಕವ್ವನ ಕೈ ತಾನಾಗಿ ಕೊರಡಿಗೆ ಹೋಯಿತಂತೆ, ಅವಳೇ ಹಿಂದಕ್ಕೆ ಎಳೆದುಕೊಂಡಳಂತೆ. ಮತ್ತೆ ಹೋಯಿತಂತೆ, ಮತ್ತೆ ಎಳೆದುಕೊಂಡಳಂತೆ. ನನ್ನ ಮಗಳನ್ನು ನಾನೇ ಕೊಲ್ಲುತ್ತಿದ್ದೇನೋ ಅಂತ ಅವಳ ಕರುಳು ಕಿತ್ತು ಬಂತು. ಆದರೂ ಕುಳ್ಳಿನ ಮೇಲೊಂದು ಕುಳ್ಳು, ಅಷ್ಟೇ. ಚಪ್ಪಡಿಗಳು ಮೊದಲು ಬೆವರಿದವು, ಆಮೇಲೆ ಆವಿ ಬಿಟ್ಟವು, ಆಮೇಲೆ ಬಿಳುಪೇರಿ ಒಣಗಿದವು. ಅಂಗೈ ಇಟ್ಟು ನೋಡಿದಳು. ಆಗ ಕೊರಡು ಹಾಕು ಅಂದಳು.

ಬೆಚ್ಚಗಿನ ನೆಲದ ಮೇಲೆ ಕಂಬಳಿ ಹಾಸಿ ಬಾಳವ್ವನನ್ನು ಮಲಗಿಸಿದರು. ಸಂಜೆಯ ಹೊತ್ತಿಗೆ ಅವಳ ಹಣೆಯಲ್ಲಿ ಬೆವರು ಮೂಡಿತು. ಹಾಲು ಇಳಿಯಿತು, ಕೂಸು ಚಪ್ಪರಿಸಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಸಂಕವ್ವ ಆಗ ಗೊಳೋ ಅಂತ ಅತ್ತಳು. ಹೆದರಿ ದೂರ ನಿಂತಿದ್ದವರೂ ಒಬ್ಬೊಬ್ಬರಾಗಿ ಮುದುಕರನ್ನು, ಮಕ್ಕಳನ್ನು ಕರೆತಂದರು. ಹೊಳೆ ಇಳಿಯುವವರೆಗೂ ಊರಿಗೆ ಊರೇ ಆ ನೆಲದ ಮೇಲೆ ಮಲಗಿತ್ತಂತೆ. ಯವನರೇ ಸಾಲಾಗಿ ನಿಂತು ಕುಳ್ಳು ದಾಟಿಸಿದರು ಅನ್ನುವವರೂ ಇದ್ದಾರೆ. ನಂಬುವವರು ನಂಬಲಿ, ಬಿಡಿ.

ಮುಂದೆ ಚಾವಣಿ ಕುಸಿದು ದಿಬ್ಬ ಮತ್ತೆ ಮುಚ್ಚಿಕೊಂಡಿತು. ಎಷ್ಟೋ ಕಾಲದ ಮೇಲೆ ಪೇಟೆಯಿಂದ ಬಂದು ಬ್ರಷ್ಷಿನಿಂದ ಮಣ್ಣು ಗುಡಿಸಿ ನೋಡಿದವರಿಗೆ ಒಲೆಯ ಬಾಯಲ್ಲಿ ಬೂದಿಯ ಎರಡು ಪದರ ಸಿಕ್ಕವಂತೆ. ಕೆಳಗೆ ಹಳೆಯ ಕಟ್ಟಿಗೆಯದು, ನಡುವೆ ಮೊಣಕಾಲೆತ್ತರ ಮಣ್ಣು, ಅದರ ಮೇಲೆ ಕುಳ್ಳು ಕೊರಡಿನದು. ಮೇಲಿನದು ಯಾರದೆಂದು ಊರವರೇ ಹೇಳಿ, ಅವರ ಕಡತದಲ್ಲಿ ಸಂಕವ್ವನ ಹೆಸರು ಬರೆಸಿದರಂತೆ.

ಇವತ್ತಿಗೂ ದಂಡಿನಹಾಳಿನಲ್ಲಿ ಬಾಣಂತಿಯ ಹಂಡೆಗೆ ಬೆಂಕಿ ಹಾಕುವಾಗ ಎಷ್ಟೇ ಅವಸರವಿದ್ದರೂ ಒಂದೇ ಕುಳ್ಳಿನಿಂದ ಶುರು ಮಾಡುತ್ತಾರೆ. ನೀರು ಕಾದ ಮೇಲೆ ಮೊದಲ ಚೊಂಬು ಬಾಣಂತಿಗಲ್ಲ. ಮನೆಯ ಹಿರಿಯಳು ಅದನ್ನು ಅಂಗಳಕ್ಕೆ ತಂದು, ದಿಬ್ಬದ ಕಡೆ ತಿರುಗಿ, ಒಲೆ ಕೊಟ್ಟ ದಂಡಿನವರಿಗೆಂದು ಮಣ್ಣಿಗೆ ಸುರಿದು ಹೇಳುತ್ತಾಳೆ:

"ಮೈಗೆ ಹಾಕ್ಕೊಳ್ರಪ್ಪಾ. ನಿಮಗೂ ಒಬ್ಬಾಕಿ ತಾಯಿ ಹಿಂಗ ಎರದಿದ್ಲು."